ಕೋಯಿ ಕೊಳಕ್ಕೆ ಫಿಲ್ಟರ್ ಆರಿಸುವುದು ಹೇಗೆ? ಬಿಸಿಲೂರಿನವರ ಲೆಕ್ಕವೇ ಬೇರೆ

ಬಳ್ಳಾರಿ, ರಾಯಚೂರು ಕಡೆ ಮನೆ ಮುಂದೆ ಕೋಯಿ ಎಂಬ ಬಣ್ಣದ ಮೀನಿಗೆ ಕೊಳ ಕಟ್ಟಿಸಿದವರನ್ನು ನೋಡುತ್ತಲೇ ಬಂದಿದ್ದೇನೆ. ಕಲ್ಲು, ಕಾರಂಜಿ, ಬಣ್ಣದ ದೀಪಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಫಿಲ್ಟರ್ ಮಾತ್ರ ಕೊನೆಗೆ ಉಳಿದ ದುಡ್ಡಿನಲ್ಲಿ. ಯುಗಾದಿ ಕಳೆದು ಬಿಸಿಲು ಏರಿತೋ, ಫೋನು ಶುರು: “ನೀರು ಕನ್ನಡಿ ಇದ್ದಂಗ ಐತ್ರಿ, ಆದ್ರೂ ಮೀನು ಯಾಕ ಸಾಯಾಕತ್ತಾವು?”

ಬಹಳ ಸಲ ಕಾರಣ ಅಮೋನಿಯಾ. ಮೀನು ತಿಂದ ಪ್ರೋಟೀನು ಕೊನೆಗೆ ಅಮೋನಿಯಾ ಆಗಿ ಅದರ ಕಿವಿರಿನಿಂದಲೇ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣ ಇಲ್ಲ. ಮೀನು ಸಾಯುವಷ್ಟಿದ್ದರೂ ನಮ್ಮ ಮೂಗಿಗೆ ಗೊತ್ತಾಗೋದಿಲ್ಲ. ಹಾಗಾಗಿ ನೀರು ತಿಳಿ ಮಾಡುವ ಡಬ್ಬ ತಂದರೆ ಅರ್ಧ ಕೆಲಸವೂ ಆದಂತಲ್ಲ.

ಹಂತ 1: ನೀರಿನ ಅಳತೆ

ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ. ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಕೊಳ ಸುಮಾರು 6,800 ಲೀಟರ್. ಮುಂದಿನ ಲೆಕ್ಕಕ್ಕೆಲ್ಲ ಇದೇ ಕೊಳ ಇಟ್ಟುಕೊಳ್ಳೋಣ.

ಹಂತ 2: ಮೀನಿನ ಸಂಖ್ಯೆ

ಮೀನಿಗೆ ಸಾವಿರ ಲೀಟರ್. ಅಂದರೆ ಇಲ್ಲಿ ಆರು ಮೀನು, ಅಷ್ಟೇ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿ ಎರಡು ಅಡಿವರೆಗೆ ಬೆಳೆಯುತ್ತದೆ.

ಹಂತ 3: ಕಸ ತಡೆಯುವ ಡ್ರಮ್ಮು

ಕೊಳ ಇನ್ನೂ ಕಟ್ಟಿಸುತ್ತಿದ್ದರೆ ತಳದ ನಡುವೆ ನಾಲ್ಕು ಇಂಚಿನ ಡ್ರೇನ್ ಪೈಪು ಈಗಲೇ ಹಾಕಿಸಿ. ಕೊಳದ ನೀರು ತಾನಾಗಿಯೇ ಪಕ್ಕದ ಡ್ರಮ್ಮಿಗೆ ಹರಿಯಬೇಕು. ಅಲ್ಲಿ ನಿಧಾನವಾಗಿ ಸುತ್ತಿ ಕಸ ತಳಕ್ಕೆ ಕೂರಬೇಕು. ಪಂಪ್ ಬರುವುದು ಆಮೇಲೆ. ಪಂಪನ್ನು ಕೊಳದೊಳಗೇ ಇಟ್ಟರೆ ಅದು ಮೀನಿನ ಹಿಕ್ಕೆಯನ್ನೆಲ್ಲ ಅರೆದು ಪುಡಿ ಮಾಡಿ ಕಳಿಸುತ್ತದೆ. ಆ ಪುಡಿಯನ್ನು ಹಿಡಿಯುವುದು ಕಷ್ಟ. ಕಟ್ಟಿ ಮುಗಿದಿದ್ದರೆ ಬೇರೆ ದಾರಿ ಇಲ್ಲ, ಪಂಪನ್ನು ಜಾಲರಿ ಪೆಟ್ಟಿಗೆಯಲ್ಲಿಟ್ಟು ನೀರನ್ನು ಮೊದಲು ಬ್ರಷ್ಷು, ದಪ್ಪ ಸ್ಪಂಜು ಇರುವ ಡ್ರಮ್ಮಿಗೆ ಬಿಡಿ.

ಡ್ರಮ್ಮಿನ ಬುಡಕ್ಕೊಂದು ಗೇಟ್ ವಾಲ್ ಇರಲಿ. ವಾರಕ್ಕೊಮ್ಮೆ ತೆಗೆದರೆ ಬರುವ ಕೊಳಕು ನೀರು ಕರಿಬೇವಿಗೆ, ತೆಂಗಿಗೆ ಒಳ್ಳೆ ಗೊಬ್ಬರ. ಬೇಸಿಗೆ ಗಾಳಿಗೆ ಬಳ್ಳಾರಿಯ ಕೆಂಪು ಧೂಳು ಬೀಳುವಾಗ, ಬೇವಿನ ಎಲೆ ಉದುರುವಾಗ ವಾರದವರೆಗೆ ಕಾಯಬೇಡಿ.

ಹಂತ 4: ಬ್ಯಾಕ್ಟೀರಿಯಾಕ್ಕೆ ಮನೆ

ಜನ ಎಡವುವುದು ಇಲ್ಲೇ. ಅಮೋನಿಯಾವನ್ನು ಕರಗಿಸುವುದು ಫಿಲ್ಟರ್ ಅಲ್ಲ, ಅದರೊಳಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಕೆಲಸಕ್ಕೆ ಆಮ್ಲಜನಕ ಬೇಕು, ಅದೂ ಜಾಸ್ತಿ. ಅಮೋನಿಯಾದೊಳಗಿನ ಒಂದು ಗ್ರಾಂ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚು.

ಈಗ ನಮ್ಮ ಬಿಸಿಲು ನೋಡಿ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. 35 ಡಿಗ್ರಿಗೆ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟರಲ್ಲೇ ಮೀನೂ ಬದುಕಬೇಕು, ಬ್ಯಾಕ್ಟೀರಿಯಾವೂ ಬದುಕಬೇಕು. ಇನ್ನೊಂದು ತೊಡಕು ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಂಕಿ. 30 ಡಿಗ್ರಿ ನೀರಿನಲ್ಲಿ ಪಿಎಚ್ 7.5 ಇದ್ದರೆ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ಕೊಲ್ಲುವ ಪಾಲು ಶೇ 2.5ರಷ್ಟು. ಪಿಎಚ್ 8.5 ಆದರೆ ಶೇ 20. ಗಡಸು ಬೋರ್ ನೀರು, ಹೊಸ ಸಿಮೆಂಟು, ಮಧ್ಯಾಹ್ನದ ಬಿಸಿಲಿಗೆ ಹಸಿರಾದ ಪಾಚಿ ನೀರು, ಇವೆಲ್ಲ ಪಿಎಚ್ ಏರಿಸುವಂಥವೇ. ತಂಪು ದೇಶದಲ್ಲಿ ತಡೆದುಕೊಳ್ಳುವ ಅಮೋನಿಯಾ ನಮ್ಮಲ್ಲಿ ಕೊಲ್ಲುವುದು ಹೀಗೆ.

ಆದ್ದರಿಂದ ಡಬ್ಬದ ಮೇಲೆ “10,000 ಲೀಟರ್ ಕೊಳದವರೆಗೆ” ಎಂದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಎಷ್ಟೋ ಡಬ್ಬಗಳಲ್ಲಿ ಅದು ಮೀನೇ ಇಲ್ಲದ ಕೊಳದ ಲೆಕ್ಕ. ಕೋಯಿ ಇದ್ದರೆ ಅದರ ಕಾಲು ಭಾಗ ಎಂದು ಅವರೇ ಬರೆದಿರುತ್ತಾರೆ.

ಮೂರನೆಯ ತೊಡಕು ಕರೆಂಟು. ಮುಚ್ಚಳ ಬಿಗಿದ ಪ್ರೆಶರ್ ಫಿಲ್ಟರ್ ನೋಡಲು ಚೆಂದ, ಜಾಗ ಕಡಿಮೆ. ಆದರೆ ಕರೆಂಟ್ ಹೋದ ಮೇಲೆ ಒಳಗೆ ನಿಂತ ನೀರಿನ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಬ್ಯಾಕ್ಟೀರಿಯಾ ಸಾಯುತ್ತದೆ, ನೀರು ಕೊಳೆಯುತ್ತದೆ. ಕರೆಂಟ್ ಬಂದಾಗ ಆ ಕೊಳೆತ ನೀರೆಲ್ಲ ನೇರ ಕೊಳಕ್ಕೆ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಮೀನು ತೇಲುವುದಕ್ಕೆ ಇದೂ ಒಂದು ಕಾರಣ. ನಮ್ಮ ಊರುಗಳಿಗೆ ಪ್ರೆಶರ್ ಫಿಲ್ಟರ್ ಬೇಡವೇ ಬೇಡ. ಈಗಾಗಲೇ ಇದ್ದರೆ, ಕರೆಂಟ್ ಹೆಚ್ಚು ಹೊತ್ತು ಹೋಗಿದ್ದಾಗ ಮೊದಲು ಬರುವ ನೀರನ್ನು ಹೊರಗೆ ಚೆಲ್ಲಿ. ಈಜುಕೊಳದ ಮರಳು ಫಿಲ್ಟರನ್ನೂ ಕೆಲವರು ಹಾಕಿಸುತ್ತಾರೆ. ಮೀನಿನ ಹಿಕ್ಕೆಗೆ ಮರಳು ಗಂಟುಕಟ್ಟಿ, ನೀರು ಎಲ್ಲೋ ಒಂದು ಸಂದಿಯಲ್ಲಿ ನುಸುಳಿ ಹೋಗುತ್ತದೆ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಸುರಿಯುವ ಫಿಲ್ಟರ್. ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಮೂರ್ನಾಲ್ಕು ಜೋಡಿಸಿ, ಒಳಗೆ ಹಗುರವಾದ ತೂತು ತೂತಿನ ಲಾವಾ ಕಲ್ಲು ಅಥವಾ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರ್ ತುಂಬಿ. ಸ್ಟೀಲಿನದು ಬೇಡ. ಮೇಲಿನಿಂದ ತೂತು ಕೊರೆದ ಪೈಪಿನಲ್ಲಿ ನೀರು ಮಳೆಯಂತೆ ಸುರಿದು, ಕೆಳಗೆ ಕೊಳಕ್ಕೇ ಬೀಳಲಿ. ನೀರು ಗಾಳಿ ಕುಡಿಯುತ್ತಾ ಇಳಿಯುತ್ತದೆ. ಕರೆಂಟ್ ಹೋದರೂ ಕಲ್ಲು ಒದ್ದೆಯಾಗಿ ಗಾಳಿಯಲ್ಲೇ ಇರುವುದರಿಂದ ಬ್ಯಾಕ್ಟೀರಿಯಾ ಗಂಟೆಗಟ್ಟಲೆ ಬದುಕುತ್ತದೆ. ಇನ್ನೊಂದು ಲಾಭ ನಮ್ಮ ಒಣ ಹವೆಯದು. ಸುರಿಯುವ ನೀರು ಆವಿಯಾಗುತ್ತಾ ಮಣ್ಣಿನ ಗಡಿಗೆಯ ಹಾಗೆ ಕೊಳವನ್ನು ತಂಪು ಮಾಡುತ್ತದೆ. ಬಿಸಿಗಾಳಿಗೆ ಕಲ್ಲು ಬೇಗ ಒಣಗದಂತೆ ಕ್ರೇಟಿನ ಸುತ್ತ ಶೇಡ್ ನೆಟ್ ಕಟ್ಟಿ.

ಇದಕ್ಕೂ ಖರ್ಚಿದೆ. ನೀರು ಆವಿಯಾಗಿ ಕೊಳ ಇಳಿಯುತ್ತದೆ. ಸುಮ್ನೆ ಬೋರ್ ನೀರು ತುಂಬಿಸುತ್ತಾ ಹೋದರೆ ಉಪ್ಪಿನಂಶ ಗಟ್ಟಿಯಾಗುತ್ತದೆ. ಹಾಗಾಗಿ ಆಗಾಗ ಸ್ವಲ್ಪ ಹಳೆ ನೀರು ಹೊರಗೆ ಬಿಟ್ಟೇ ಹೊಸದು ತುಂಬಿ.

ಸುರಿಯುವ ಸದ್ದು ಆಗದವರಿಗೆ ಎರಡನೆಯ ಆಯ್ಕೆ ಡ್ರಮ್ಮು. ನೀರಿನ ಹತ್ತನೆಯ ಒಂದು ಪಾಲಿನಷ್ಟು ಫಿಲ್ಟರ್ ಇರಲಿ. ನಮ್ಮ ಕೊಳಕ್ಕೆ 200 ಲೀಟರಿನ ನೀಲಿ ಡ್ರಮ್ಮು ಮೂರು ಮೂರೂವರೆ ಬೇಕು, ನಾಲ್ಕೇ ಇಡಿ. ರಾಸಾಯನಿಕ ತುಂಬಿದ್ದ ಹಳೆ ಡ್ರಮ್ಮು ಮುಟ್ಟಬೇಡಿ. ಕೆ-ಒನ್ ಎಂಬ ಸಣ್ಣ ಪ್ಲಾಸ್ಟಿಕ್ ಗಾಲಿಗಳನ್ನು ಅರ್ಧ ತುಂಬಿ, ಕೆಳಗಿನಿಂದ ಏರ್ ಪಂಪ್ ಬಿಟ್ಟರೆ ಅವು ಕುದಿಯುವಂತೆ ಸುತ್ತುತ್ತವೆ, ಕಟ್ಟಿಕೊಳ್ಳುವುದಿಲ್ಲ. ಏರ್ ಪಂಪನ್ನು ಇನ್ವರ್ಟರಿಗೆ ಹಾಕಿ. ಸಣ್ಣದಕ್ಕೆ 30 ವ್ಯಾಟ್ ಸಾಕು, ರಾತ್ರಿಯೆಲ್ಲ ನಡೆಯುತ್ತದೆ. ಜಲ್ಲಿಕಲ್ಲು ಮಾತ್ರ ತುಂಬಬೇಡಿ. ಭಾರ ಜಾಸ್ತಿ, ಬ್ಯಾಕ್ಟೀರಿಯಾಕ್ಕೆ ಜಾಗ ಕಡಿಮೆ, ಸಂದಿಯಲ್ಲಿ ಕೆಸರು.

ಹಂತ 5: ಪಂಪ್

ಎರಡು ಗಂಟೆಗೊಮ್ಮೆಯಾದರೂ ಪೂರ್ತಿ ಕೊಳದ ನೀರು ಫಿಲ್ಟರ್ ದಾಟಬೇಕು. ನಮ್ಮ ಬೇಸಿಗೆಗೆ ಗಂಟೆಗೊಮ್ಮೆ ಒಳ್ಳೆಯದು. ಪಂಪಿನ ಮೇಲೆ ಬರೆದ ಲೀಟರ್ ಲೆಕ್ಕ ನೀರು ಎತ್ತರ ಏರದಿದ್ದಾಗಿನದು. ಐದಾರು ಅಡಿ ಮೇಲೇರಿಸಿದರೆ ಎಷ್ಟೋ ಪಂಪುಗಳಲ್ಲಿ ಅರ್ಧವೂ ಉಳಿಯೋದಿಲ್ಲ. ಪರೀಕ್ಷೆ ಸುಲಭ. ಪೈಪಿನ ತುದಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. 12 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 6,000 ಲೀಟರ್.

ಕೂಲರ್ ಮೋಟರ್ ಅಗ್ಗಕ್ಕೆ ಸಿಗುತ್ತದೆ ಅಂತ ಕೊಳಕ್ಕೆ ಇಳಿಬಿಡುವವರಿದ್ದಾರೆ. ಅದು ಹಗಲು ರಾತ್ರಿ ಆಳದ ನೀರಿನಲ್ಲಿ ಓಡಲು ಮಾಡಿದ್ದಲ್ಲ. ವೈರಿನ ಹೊದಿಕೆ ಸೀಳಿದರೆ ಕೊಳಕ್ಕೇ ಕರೆಂಟು ಇಳಿಯುತ್ತದೆ. ಯಾವ ಪಂಪ್ ಆದರೂ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸದೆ ಪಂಪಿನ ಸ್ವಿಚ್ ಒತ್ತಬೇಡಿ. ಬಿಲ್ಲಿನ ಲೆಕ್ಕವನ್ನೂ ಕೊಳ್ಳುವ ಮೊದಲೇ ಮಾಡಿ. 80 ವ್ಯಾಟಿನ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 58 ಯೂನಿಟ್ ಹತ್ತಿರ.

ಹಂತ 6: ಯುವಿ ದೀಪ

ಯುವಿ ಅಂದರೆ ಅತಿನೇರಳೆ ಕಿರಣ. ನೀರು ಹಸಿರಾಗುವುದನ್ನು ಈ ದೀಪ ನಿಲ್ಲಿಸುತ್ತದೆ, ಅಮೋನಿಯಾಗೆ ಏನೂ ಮಾಡೋದಿಲ್ಲ. ಅರ್ಧ ಕೊಳಕ್ಕೆ ಶೇಡ್ ನೆಟ್ ಕಟ್ಟಿ ನೋಡಿ, ಸಾಲದಿದ್ದರೆ ಕೊಳ್ಳಿ. ಟ್ಯೂಬು ಉರಿಯುತ್ತಿದ್ದರೂ ವರ್ಷದ ಮೇಲೆ ಅದರ ಶಕ್ತಿ ಇಳಿದಿರುತ್ತದೆ.

ಪಟಿಕ ಹಾಕಿ ನೀರು ತಿಳಿ ಮಾಡಬೇಡಿ, ಪಿಎಚ್ ಕುಸಿಯುತ್ತದೆ. ಅಮೋನಿಯಾ ಹೀರುವ ಜಿಯೋಲೈಟ್ ಕಲ್ಲನ್ನು ಮಾರುವವರಿದ್ದಾರೆ. ಅದು ಇರುವ ಕೊಳಕ್ಕೆ ಮೀನಿನ ಔಷಧಿ ಅಂತ ಉಪ್ಪು ಹಾಕಿದರೆ ಹೀರಿದ್ದನ್ನೆಲ್ಲ ವಾಪಸ್ ಬಿಡುತ್ತದೆ.

ಹಂತ 7: ಫಿಲ್ಟರ್ ಹಣ್ಣಾಗಲು ಬಿಡಿ

ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡೇ ಮೀನು, ಚಿಟಿಕೆ ಆಹಾರ. ಹನಿ ಹಾಕಿ ನೋಡುವ ಅಮೋನಿಯಾ, ನೈಟ್ರೈಟ್ ಕಿಟ್ ತಂದು ವಾರಕ್ಕೆರಡು ಸಲ ನೋಡಿ. ಏರಿದರೆ ಕಾಲು ಭಾಗ ನೀರು ಬದಲಿಸಿ, ಆ ದಿನ ಆಹಾರ ನಿಲ್ಲಿಸಿ. ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಉಳಿದ ಮೀನು ತನ್ನಿ. ಪಕ್ಕದವರ ಹಳೆ ಕೊಳದಿಂದ ಒಂದಿಷ್ಟು ಸ್ಪಂಜು ಸಿಕ್ಕರೆ ಬೇಗ ಆಗುತ್ತದೆ, ಆದರೆ ಅವರ ಮೀನಿನ ರೋಗವೂ ಜೊತೆಗೆ ಬರಬಹುದು.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳಕ್ಕೆ ಬಿಡುವ ಮೊದಲು ಹೈಪೋ ಹಾಕಿ, ಅಂದರೆ ಸೋಡಿಯಂ ಥಯೋಸಲ್ಫೇಟ್. ಸ್ಪಂಜು, ಸ್ಕ್ರಬ್ಬರುಗಳನ್ನು ನಳದ ಕೆಳಗೆ ತೊಳೆದು ಫಳಫಳ ಮಾಡಿದರೆ ತಿಂಗಳ ಕೆಲಸ ಹೋಯಿತು. ಕೊಳದ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಅಲುಗಾಡಿಸಿ ಸಾಕು. ಕೆಲಸದವರಿಗೂ ಇದನ್ನು ಮೊದಲೇ ಹೇಳಿಡಿ, ಅವರು ಪ್ರೀತಿಯಿಂದ ಸೋಪು ಹಾಕಿ ಉಜ್ಜಿಬಿಡುತ್ತಾರೆ.

ಶುರು ಮಾಡಲು ಒಳ್ಳೆ ಕಾಲ ಸಂಕ್ರಾಂತಿಯ ಆಸುಪಾಸು. ನೀರು ಬೆಚ್ಚಗಾಗುತ್ತಾ ಬ್ಯಾಕ್ಟೀರಿಯಾ ಚುರುಕಾಗುತ್ತದೆ, ಏಪ್ರಿಲ್ ಹೊತ್ತಿಗೆ ಫಿಲ್ಟರ್ ತಯಾರಿರುತ್ತದೆ. ಮೇ ತಿಂಗಳಲ್ಲಿ ಆಸೆ ಹುಟ್ಟಿದರೆ ಕ್ರೇಟು, ಪೈಪು ಜೋಡಿಸಿಟ್ಟುಕೊಳ್ಳಿ, ಮೀನನ್ನು ಮಳೆ ಬಿದ್ದ ಮೇಲೆ ತನ್ನಿ.