ಟೈಟಲ್ ಕ್ಲೀನ್, ಕಾರಿನೊಳಗೆ ಕೆಸರು: ಅಮೆರಿಕಕ್ಕೆ ಹೊರಟ ನಮ್ಮೂರಿನವರಿಗೆ

ಜುಲೈ ಬಂತೆಂದರೆ ದಾವಣಗೆರೆಯಲ್ಲಿ ವೀಸಾ ಕೈಗೆ ಸಿಕ್ಕ ಹುಡುಗ ಹುಡುಗಿಯರ ಓಡಾಟ ಜೋರಾಗುತ್ತದೆ. ರಜೆಗೆಂದು ವಿದ್ಯಾನಗರದ ಅಣ್ಣನ ಮನೆಗೆ ಬಂದಿರುವ ನನ್ನ ಬಳಿಗೂ ಕೆಲವರು ಬಂದಿದ್ದರು. ಕುಕ್ಕರ್ ಒಯ್ಯಬೇಕೋ ಬೇಡವೋ, ಚಟ್ನಿಪುಡಿ ಬಿಡುತ್ತಾರೋ ಇಲ್ಲವೋ ಎಂಬುದೆಲ್ಲ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: “ಅಂಕಲ್, ಅಲ್ಲಿ ಐದಾರು ಸಾವಿರ ಡಾಲರಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಸಿಗುತ್ತದಂತೆ, ಹೌದೇ?”

ಸಿಗುತ್ತದೆ. ನೆರೆಯಲ್ಲಿ ಮುಳುಗಿ ಎದ್ದದ್ದೂ ಅದೇ ಬೆಲೆಗೆ ಸಿಗುತ್ತದೆ. ನಾನಿರುವುದು ಹ್ಯೂಸ್ಟನ್‌ನಲ್ಲಿ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಆ ಭಾಗದಲ್ಲಿ ಲಕ್ಷಗಟ್ಟಲೆ ಕಾರುಗಳು ನೀರು ಕುಡಿದವು. 2005ರ ಕತ್ರೀನಾ, 2012ರ ಸ್ಯಾಂಡಿ, 2022ರ ಇಯಾನ್ ಚಂಡಮಾರುತಗಳ ಕತೆಯೂ ಅದೇ. ಆ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ.

ಅಲ್ಲಿನ ಟೈಟಲ್ ಎಂದರೆ ಕಾರಿನ ಮಾಲೀಕತ್ವದ ಪತ್ರ. ಇದನ್ನು ಕೊಡುವುದು ಆಯಾ ರಾಜ್ಯ. ವಿಮಾ ಕಂಪನಿ ಪರಿಹಾರ ಕೊಟ್ಟು ಕಾರನ್ನು ತಾನೇ ತೆಗೆದುಕೊಂಡರೆ ಟೈಟಲ್ ಮೇಲೆ ‘ಸಾಲ್ವೇಜ್’ (ಭಾರಿ ಹಾನಿಗೊಂಡದ್ದು) ಅಥವಾ ‘ಫ್ಲಡ್’ (ನೆರೆಗೆ ಸಿಕ್ಕಿದ್ದು) ಎಂಬ ಷರಾ ಬೀಳುತ್ತದೆ. ಈ ವ್ಯವಸ್ಥೆ ಒಳ್ಳೆಯದೇ. ನಮ್ಮ ಕೆಎ 17, ಕೆಎ 16ರ ಆರ್‌ಸಿಗಳಲ್ಲಿ ಅಂಥ ಷರಾಕ್ಕೆ ಜಾಗವೇ ಇಲ್ಲ. ಆದರೆ ಷರಾದ ನಿಯಮ ರಾಜ್ಯಕ್ಕೊಂದು ಬಗೆ. ಹರಾಜಿನಲ್ಲಿ ಕಾರನ್ನು ಅಗ್ಗಕ್ಕೆ ಹಿಡಿದವನು ಅದನ್ನು ತೊಳೆದು, ಹೊಸ ಕಾರ್ಪೆಟ್ ಹಾಸಿ, ನಿಯಮ ಸಡಿಲವಿರುವ ಇನ್ನೊಂದು ರಾಜ್ಯದಲ್ಲಿ ನೋಂದಾಯಿಸುತ್ತಾನೆ. ಹೊಸ ಪತ್ರದಲ್ಲಿ ಷರಾ ಮಾಯ. ಆ ಕಾರು ಸಮುದ್ರದಿಂದ ಸಾವಿರ ಮೈಲಿ ದೂರದ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತದೆ. ಆದ್ದರಿಂದ ‘ನಾವು ಹೋಗುವ ಊರಿನಲ್ಲಿ ನೆರೆಯೇ ಬರುವುದಿಲ್ಲ’ ಎಂಬ ನೆಮ್ಮದಿ ಬೇಡ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹಳೆಯ ಕಾರುಗಳಿಗೆ ಎಷ್ಟೋ ಜನ ಮೂರನೆಯವರ ನಷ್ಟ ತುಂಬುವ ಕಡ್ಡಾಯ ವಿಮೆಯನ್ನಷ್ಟೇ ಮಾಡಿಸಿರುತ್ತಾರೆ. ನೆರೆಯ ನಷ್ಟ ಅದರಲ್ಲಿ ಸೇರುವುದಿಲ್ಲ. ಪರಿಹಾರ ಕೇಳುವಂತಿಲ್ಲ, ಹಾಗಾಗಿ ದಾಖಲೆಯೂ ಇಲ್ಲ. ಮಾಲೀಕ ಒಣಗಿಸಿ ಮಾರಿಬಿಟ್ಟರೆ ಯಾವ ವರದಿಯಲ್ಲೂ ಅದು ಕಾಣುವುದಿಲ್ಲ. ವಿದ್ಯಾರ್ಥಿಗಳ ಕೈಗೆಟಕುವ ಬೆಲೆಯಲ್ಲಿರುವುದು ಹೆಚ್ಚಾಗಿ ಇಂಥ ಹಳೆಯ ಕಾರುಗಳೇ.

ಚಿತ್ರದುರ್ಗದ ಕಡೆಯಿಂದ ಮಗಳೊಂದಿಗೆ ಬಂದಿದ್ದ ರೈತರೊಬ್ಬರು ಕೇಳಿದರು: “ನಮ್ಮ ಟ್ರ್ಯಾಕ್ಟರ್ ಹಳ್ಳಕ್ಕೆ ಬಿದ್ದಿತ್ತು. ಎತ್ತಿ, ಆಯಿಲ್ ಬದಲಾಯಿಸಿ ಓಡಿಸಿದೆವು. ಒಣಗಿದ ಮೇಲೆ ತೊಂದರೆ ಏನು ಸ್ವಾಮಿ?” ನ್ಯಾಯವಾದ ಪ್ರಶ್ನೆ. ಹಳೆಯ ಟ್ರ್ಯಾಕ್ಟರಿನಲ್ಲಿ ಹೆಚ್ಚಿನದು ಕಬ್ಬಿಣ. ಕಾರಿನಲ್ಲಿ ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ವೈರಿನ ಕಟ್ಟುಗಳು, ಕನೆಕ್ಟರ್‌ಗಳು, ಏರ್‌ಬ್ಯಾಗಿನ ಸೆನ್ಸರ್‌ಗಳು ಇರುತ್ತವೆ. ನೀರು ಹೊಕ್ಕರೆ, ಅದರಲ್ಲೂ ಉಪ್ಪುನೀರಾದರೆ, ಒಳಗೊಳಗೇ ಕಿಲುಬು ಹಿಡಿಯುತ್ತದೆ. ಕೊಂಡ ದಿನ ಕಾರು ಚೆನ್ನಾಗಿಯೇ ಓಡುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಒಂದೊಂದೇ ಕೈಕೊಡಲು ಶುರು. ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದಿರಬಹುದು.

ಕಾರು ನೋಡಲು ಹಗಲಿನಲ್ಲಿ ಹೋಗಿ. ಮೊದಲು ಮೂಗಿಗೆ ಕೆಲಸ ಕೊಡಿ: ಗಾಜುಗಳನ್ನೆಲ್ಲ ಏರಿಸಿ ಒಳಗೆ ಸ್ವಲ್ಪ ಹೊತ್ತು ಕುಳಿತರೆ ಮುಗ್ಗಲು ವಾಸನೆ ತಾನೇ ಹೇಳುತ್ತದೆ. ಸುಗಂಧದ ಡಬ್ಬಿ ಅತಿಯಾಗಿ ಘಮಘಮಿಸುತ್ತಿದ್ದರೂ ಅನುಮಾನ ಪಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತೊಳೆಯುವವನು ಕಣ್ಣಿಗೆ ಕಾಣುವಷ್ಟನ್ನು ಉಜ್ಜಿರುತ್ತಾನೆ. ಸುರುಳಿಯ ತಳದಲ್ಲಿರುವ ಗೇಣುದ್ದದ ಪಟ್ಟಿಯಲ್ಲಿ ಕಂದು ಗೆರೆ, ಒರಟು ಧೂಳು ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮೆಕ್ಕಲು ಇದೆಯೇ ನೋಡಿ. ಸೀಟಿನ ಬೋಲ್ಟುಗಳಿಗೆ ತುಕ್ಕು, ಹೆಡ್‌ಲೈಟಿನೊಳಗೆ ಮಂಜು, ಹಳೆಯ ಕಾರಿಗೆ ಹೊಚ್ಚಹೊಸ ಕಾರ್ಪೆಟ್: ಇವುಗಳಲ್ಲಿ ಎರಡು ಕಂಡರೂ ನಮಸ್ಕಾರ ಹೇಳಿ ಬನ್ನಿ.

ಕಾಗದದ ಕೆಲಸ ಸುಲಭ. ಕಾರಿನ ಗುರುತಿನ ಸಂಖ್ಯೆ, ಅಂದರೆ ವಿಐಎನ್, 17 ಅಕ್ಷರ ಮತ್ತು ಅಂಕಿಗಳದ್ದು. ಡ್ಯಾಶ್‌ಬೋರ್ಡ್, ಚಾಲಕನ ಬಾಗಿಲಿನ ಚೌಕಟ್ಟು, ಟೈಟಲ್ ಮೂರರಲ್ಲೂ ಅದು ಒಂದೇ ಇರಬೇಕು. ವಿಮಾ ವಂಚನೆ, ವಾಹನ ಕಳವುಗಳ ಮೇಲೆ ಕಣ್ಣಿಡುವ ಅಲ್ಲಿನ ಎನ್‌ಐಸಿಬಿ ಸಂಸ್ಥೆಯ ‘ವಿನ್‌ಚೆಕ್’ ಜಾಲತಾಣದಲ್ಲಿ ಅದನ್ನು ಉಚಿತವಾಗಿ ನೋಡಬಹುದು. ಕೆಲವು ಡಾಲರ್ ಕೊಟ್ಟರೆ ಕೇಂದ್ರ ಸರ್ಕಾರದ ಎನ್‌ಎಂವಿಟಿಐಎಸ್ ಟೈಟಲ್ ದತ್ತಾಂಶದಿಂದ ವರದಿ ಸಿಗುತ್ತದೆ. ಹಿಂದೆ ಯಾವ ರಾಜ್ಯದಲ್ಲಿ ಯಾವ ಷರಾ ಇತ್ತೆಂಬುದು ಅದರಲ್ಲಿ ಬರುತ್ತದೆ. ಮಾರುವವನ ಲೈಸೆನ್ಸಿನಲ್ಲಿರುವ ಹೆಸರೇ ಟೈಟಲ್ ಮೇಲೂ ಇರಬೇಕು. ‘ಅದು ನನ್ನ ಗೆಳೆಯನ ಕಾರು, ಅವನು ಊರಿನಲ್ಲಿಲ್ಲ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ನಮ್ಮವರಲ್ಲಿ ಒಂದು ದೌರ್ಬಲ್ಯವಿದೆ. ಇಲ್ಲಿ ದಾವಣಗೆರೆಯಲ್ಲಿ ಹಳೆಯ ಬೈಕ್ ಕೊಳ್ಳುವಾಗಲೂ ಪರಿಚಯದ ಮೆಕ್ಯಾನಿಕ್ ಜೊತೆಗಿರಲೇಬೇಕು. ಅಲ್ಲಿಗೆ ಹೋದವರು, ಅಮೆರಿಕದಲ್ಲಿ ಮೋಸ ಎಲ್ಲಿಂದ ಬರಬೇಕು ಎಂದು ಕಾಗದ ನೋಡಿ ದುಡ್ಡು ಎಣಿಸುತ್ತಾರೆ. ಮಾರುವವನು ಕನ್ನಡದವನಾದರೆ ಕಾಗದವನ್ನೂ ನೋಡುವುದಿಲ್ಲ. ಪಾಪ, ಅವನೇ ಮೋಸ ಹೋಗಿ ಕೊಂಡಿರಬಹುದಲ್ಲ! ಮಾರುವವನಿಗೆ ಸಂಬಂಧವಿಲ್ಲದ ಗ್ಯಾರೇಜಿಗೆ ಕಾರು ಒಯ್ದು ತೋರಿಸಿ. ನೂರರಿಂದ ಇನ್ನೂರು ಡಾಲರ್ ಆದೀತು. ರೂಪಾಯಿಗೆ ಗುಣಿಸಿದರೆ ಎದೆ ಧಸಕ್ಕೆನ್ನುತ್ತದೆ, ಆದರೂ ಕೊಡಿ. ತೋರಿಸಲು ಒಪ್ಪದವನ ಕಾರು ಬೇಡವೇ ಬೇಡ.

ಮೂರು ದಿನದೊಳಗೆ ಕಾರು ಹಿಂತಿರುಗಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ಖರೀದಿಗಳನ್ನು ಮೂರು ದಿನದೊಳಗೆ ರದ್ದು ಮಾಡಬಹುದೆಂಬ ಕೇಂದ್ರ ಸರ್ಕಾರದ ನಿಯಮವೊಂದು ಅಲ್ಲಿದೆ, ಆದರೆ ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅದು ಅನ್ವಯಿಸುವುದಿಲ್ಲ. ಡೀಲರ್ ಕಾರಿನ ಮೇಲೆ ‘ಬಯರ್ಸ್ ಗೈಡ್’ ಎಂಬ ಹಾಳೆ ಹಚ್ಚಿರಬೇಕು. ಅದರಲ್ಲಿ ‘ಆ್ಯಸ್ ಈಸ್’ ಎಂಬಲ್ಲಿ ಗುರುತಿದ್ದರೆ ಮುಂದಿನ ರಿಪೇರಿ ನಿಮ್ಮ ತಲೆಗೆ. ಮುಂಗಡ ಕೊಡುವ ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ, ವಿಐಎನ್ ಹೇಳಿ, ಪೂರ್ಣ ವಿಮೆ ಕೊಡುತ್ತೀರಾ ಎಂದು ಕೇಳಿ. ಅವರು ಹಿಂದೇಟು ಹಾಕಿದರೆ ಕಾರಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ.