ಎಲೆ ಹಳದಿಯಾಯ್ತಾ? ಮೊದಲು ಚೀಲ ಎತ್ತಿ ನೋಡಿ
ಕೊಕೊಪೀಟ್‌ನಲ್ಲಿ ಬೆಳೆದ ಮೆಣಸು, ಟೊಮೆಟೊ ಗಿಡಗಳ ನೀರು–ಗೊಬ್ಬರದ ತೊಂದರೆ ಪತ್ತೆ ಮಾಡುವುದು ಹೇಗೆ?

ತಾರಸಿ ಮೇಲಿನ ಗ್ರೋ ಬ್ಯಾಗ್‌ನಲ್ಲಿ ಮೆಣಸಿನ ಗಿಡದ ಎಲೆ ಹಳದಿಯಾದರೆ ನಾವು ಮಾಡುವ ಮೊದಲ ಕೆಲಸ ಏನು ಹೇಳಿ? ಗೊಬ್ಬರದ ಡಬ್ಬಿ ತೆರೆಯುವುದು. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಶಿರಸಿಯ ಮನೆಯಲ್ಲಿ ಮೊದಲ ಸಲ ಕೊಕೊಪೀಟ್ ಇಟ್ಟಿಗೆ (ತೆಂಗಿನ ಸಿಪ್ಪೆಯ ಪುಡಿ ಒತ್ತಿ ಮಾಡಿದ ಗಟ್ಟಿ) ತಂದು, ನೀರಲ್ಲಿ ನೆನೆಸಿ, ಹಾಗೇ ಚೀಲಕ್ಕೆ ತುಂಬಿ ಹನ್ನೆರಡು ಟೊಮೆಟೊ ಸಸಿ ನೆಟ್ಟಿದ್ದೆ. ಹತ್ತು ದಿನಕ್ಕೆ ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಕಂದಾಯಿತು. ಹಸಿವಾಗಿದೆ ಅಂದುಕೊಂಡು 19:19:19 ಗೊಬ್ಬರ ಕೊಟ್ಟೆ. ಮತ್ತೆ ಒಂದು ವಾರಕ್ಕೆ ಒಂಬತ್ತು ಸಸಿ ಹೋದವು. ಅವಕ್ಕೆ ಹಸಿವೆ ಇರಲಿಲ್ಲ, ಉಪ್ಪು ಜಾಸ್ತಿಯಾಗಿತ್ತು.

ಆಗಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ನೀರು, ಆಮೇಲೆ ಉಪ್ಪು, ಕಡೆಗೆ ಪೋಷಕಾಂಶ. ಈ ಕ್ರಮ ತಪ್ಪಿಸಿದಾಗಲೆಲ್ಲ ಗಿಡ ಕಳೆದುಕೊಂಡಿದ್ದೇನೆ.

ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಕೊಕೊಪೀಟ್ ಅಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಎಷ್ಟೋ ಕಡೆ ಸಿಪ್ಪೆಯನ್ನು ಕೊಳೆಹಾಕುವುದು ಸಮುದ್ರದ ಪಕ್ಕದ ಉಪ್ಪು ಹಿನ್ನೀರಿನಲ್ಲಿ. ಹಾಗಾಗಿ ಪುಡಿಯೊಳಗೆ ಸೋಡಿಯಂ ಸೇರಿರುತ್ತದೆ. ಪೊಟ್ಯಾಸಿಯಂ ಅಂತೂ ಸಿಪ್ಪೆಯಲ್ಲಿ ಮೊದಲೇ ಧಾರಾಳ. ಪುಡಿಯ ಕಣಗಳಲ್ಲಿ ಬಸ್ಸಿನ ಹಾಗೆ ಸೀಟುಗಳಿವೆ ಅಂದುಕೊಳ್ಳಿ. ಈ ಎರಡೂ ಮೊದಲೇ ಟವೆಲ್ ಹಾಸಿ ಕೂತಿರುತ್ತವೆ. ನಾವು ಹಾಕಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಅವನ್ನು ಎಬ್ಬಿಸಿ ತಾವು ಕೂರುತ್ತವೆ. ಎದ್ದ ಸೋಡಿಯಂ ಬೇರಿನ ಸುತ್ತಲಿನ ನೀರಿಗೆ ಇಳಿಯುತ್ತದೆ. ಗಿಡಕ್ಕೆ ಸಿಗಬೇಕಿದ್ದ ಕ್ಯಾಲ್ಸಿಯಂ ಸೀಟಿನಲ್ಲೇ ಉಳಿಯುತ್ತದೆ. ಗಿಡಕ್ಕೆ ಎರಡು ಕಡೆಯಿಂದಲೂ ನಷ್ಟ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇನ್ನೊಂದು ತೊಡಕಿದೆ. ಘಟ್ಟದ ಮೇಲಿನ ಜಂಬಿಟ್ಟಿಗೆ ನೆಲದ ಬಾವಿ ನೀರು ಬಹಳ ಮೃದು. ನಮ್ಮ ಬಾವಿ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆಯೆಂದು ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ತೋರಿಸುವ ಸಾಧನ) ಅದ್ದಿದರೆ 45 ತೋರಿಸುತ್ತದೆ. ಕುಡಿಯಲು ಒಳ್ಳೆಯದೇ, ಆದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬಯಲುಸೀಮೆಯ ಗಡಸು ಬೋರ್ ನೀರಿನಲ್ಲಿ ಬೆಳೆಯುವವರಿಗೆ ನೀರಿನಿಂದಲೇ ಒಂದಷ್ಟು ಕ್ಯಾಲ್ಸಿಯಂ ಸಿಗುತ್ತದೆ. ಅವರ ವಿಡಿಯೊ ನೋಡಿ ನಾವು ಹಾಗೇ ಮಾಡಿದರೆ ನಡೆಯುವುದಿಲ್ಲ.

ಮೊದಲ ಹೆಜ್ಜೆ: ಭಾರ ನೋಡುವುದು

ಬೆರಳು ಚುಚ್ಚಿ ನೋಡುವ ಅಭ್ಯಾಸ ಮಣ್ಣಿಗೆ ಸರಿ. ಕೊಕೊಪೀಟ್‌ಗೆ ಸಾಲದು. ಅದರ ಮೇಲಿನ ಒಂದು ಇಂಚು ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಳಗೆ ಹಿಂಡಿದರೆ ನೀರು ಸುರಿಯುವಷ್ಟು ಹಸಿ ಇರುತ್ತದೆ. ಅದಕ್ಕೇ ಚೀಲವನ್ನೇ ಎತ್ತಿ ನೋಡಬೇಕು. ಚೆನ್ನಾಗಿ ನೀರು ಹಾಕಿ, ಸೋರುವುದು ನಿಂತ ಮೇಲೆ ಒಮ್ಮೆ ಎತ್ತಿ. ಆ ಭಾರ ಕೈಗೆ ನೆನಪಿರಲಿ. ಮುಂದೆ ದಿನಾ ಬೆಳಿಗ್ಗೆ ಎತ್ತಿ. ಭಾರ ಅರ್ಧಕ್ಕೆ ಬಂತು ಅನ್ನಿಸಿದರೆ ನೀರು ಕೊಡುವ ಹೊತ್ತು. ನಾಲ್ಕೈದು ದಿನದಲ್ಲಿ ಕೈ ಪಳಗುತ್ತದೆ.

ನೀರು ಜಾಸ್ತಿಯಾದರೂ ಎಲೆ ಬಾಡುತ್ತದೆ, ಕಡಿಮೆಯಾದರೂ ಬಾಡುತ್ತದೆ. ವ್ಯತ್ಯಾಸ ಇಷ್ಟು: ನೀರು ಕಡಿಮೆಯಾದಾಗ ಎಲೆ ತೆಳ್ಳಗೆ ಜೋತು ಬೀಳುತ್ತದೆ, ಚೀಲ ಹಗುರ ಇರುತ್ತದೆ, ನೀರು ಹಾಕಿದ ಒಂದೆರಡು ತಾಸಿನಲ್ಲಿ ಗಿಡ ಎದ್ದು ನಿಲ್ಲುತ್ತದೆ. ಜಾಸ್ತಿಯಾದಾಗ ಎಲೆ ದಪ್ಪಗಿರುತ್ತದೆ, ತೊಟ್ಟಿನ ಸಮೇತ ಕೆಳಗೆ ಬಾಗುತ್ತದೆ, ಚೀಲ ಭಾರ, ಬೆಳಿಗ್ಗೆ ತಂಪಿನಲ್ಲೂ ಗಿಡ ಎದ್ದಿರುವುದಿಲ್ಲ. ಮೇಲೆ ಸಣ್ಣ ಕಪ್ಪು ನೊರಜು ಹಾರಾಡುತ್ತಿದ್ದರೆ ಪುಡಿ ಸದಾ ಹಸಿ ಇದೆ ಎಂದೇ ಅರ್ಥ.

ಅನುಮಾನ ಬಂದರೆ ಚೀಲದ ಅಂಚಿನಲ್ಲಿ ನಾಲ್ಕು ಬೆರಳು ಆಳಕ್ಕೆ ಪುಡಿ ಸರಿಸಿ ಬೇರು ನೋಡಿ. ಬೆಳ್ಳಗಿದ್ದು ಎಳೆದರೆ ತಡೆದರೆ ಸರಿ ಇದೆ. ಕಳೆದ ಜುಲೈಯಲ್ಲಿ ನಾನು ನೋಡಿದ ಒಂದು ಚೀಲದಲ್ಲಿ ಬೇರು ಚಹಾ ಪುಡಿಯ ಬಣ್ಣಕ್ಕೆ ಬಂದಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂತು, ಒಳಗಿನ ನೂಲು ಮಾತ್ರ ಉಳಿಯಿತು. ಗಟಾರದ ವಾಸನೆ. ಕಾರಣ ಚೀಲದ ಕೆಳಗಿಟ್ಟಿದ್ದ ತಟ್ಟೆ, ಅದರಲ್ಲಿ ಮೂರು ದಿನದಿಂದ ಮಳೆ ನೀರು ನಿಂತಿತ್ತು. ತಟ್ಟೆ ತೆಗೆಯಿರಿ, ಚೀಲವನ್ನು ಎರಡು ಇಟ್ಟಿಗೆ ಮೇಲೆ ಇಡಿ, ತಳದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಇದಕ್ಕೆ ಯಾವ ಔಷಧವೂ ಬೇಡ.

ಎರಡನೇ ಹೆಜ್ಜೆ: ಸೋರುವ ನೀರನ್ನು ಅಳೆಯುವುದು

ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ದುಬಾರಿಯಲ್ಲ. ಗೊಬ್ಬರಕ್ಕೆ ಖರ್ಚು ಮಾಡುವ ಮೊದಲು ಅದನ್ನು ತನ್ನಿ. ಗಿಡಕ್ಕೆ ಕೊಡುವ ನೀರನ್ನು ಒಮ್ಮೆ ಅಳೆಯಿರಿ. ಆಮೇಲೆ ಐದನೇ ಒಂದು ಭಾಗದಷ್ಟು ಕೆಳಗೆ ಸೋರುವ ತನಕ ನಿಧಾನವಾಗಿ ಹಾಕಿ. ಸೋರಿದ್ದನ್ನು ಬಟ್ಟಲಿನಲ್ಲಿ ಹಿಡಿದು ಮತ್ತೆ ಅಳೆಯಿರಿ. ಕೊಟ್ಟದ್ದು 600, ಸೋರಿದ್ದು 700 ಅಥವಾ 800 ಇದ್ದರೆ ಚಿಂತೆ ಇಲ್ಲ. ಸೋರಿದ್ದು 1400 ಬಂತೋ, ಚೀಲದೊಳಗೆ ಉಪ್ಪು ಕೂಡಿದೆ. ಅಂಥ ಚೀಲಕ್ಕೆ ಇನ್ನೊಂದು ಚಮಚ ಗೊಬ್ಬರವನ್ನೂ ಹಾಕಬೇಡಿ.

ಉಪ್ಪು ಜಾಸ್ತಿಯಾದ ಗಿಡ ಗುರುತಿಸುವುದು ಸುಲಭ. ಎಲೆಯ ತುದಿಯಿಂದ ಸುಡಲು ಶುರುವಾಗಿ ಅಂಚಿಗೆ ಹರಡುತ್ತದೆ. ಎಲೆ ಕಡು ಹಸಿರಾಗಿ, ಒರಟಾಗಿ ಕಾಣುತ್ತದೆ. ಚೀಲದ ಅಂಚಿನಲ್ಲಿ ಬಿಳಿ ಹಿಟ್ಟಿನಂಥ ಪದರ ಕಟ್ಟಿರುತ್ತದೆ.

ಕಾರವಾರದ ಕೋಡಿಬಾಗದಲ್ಲಿರುವ ಅಕ್ಕ ಮೇ ತಿಂಗಳಲ್ಲಿ ಫೋನ್ ಮಾಡಿದ್ದಳು. "ತಮಾ, ಎರಡು ಹೊತ್ತೂ ನೀರು ಕೊಡ್ತೇನೆ, ಆದ್ರೂ ಮೆಣಸಿನ ಗಿಡ ಬಾಡ್ತದೆ ನೋಡು" ಅಂದಳು. ಗೊಬ್ಬರ ಏನು ಹಾಕಿದ್ದೀ ಎಂದು ಕೇಳಿದರೆ ಏನೂ ಇಲ್ಲ. ಹೋದಾಗ ಬಾವಿ ನೀರನ್ನೇ ಅಳೆದೆ. 1100. ಕಾಳಿ ನದಿ ಸಮುದ್ರ ಸೇರುವ ಜಾಗ ಅದು. ಬೇಸಿಗೆಯಲ್ಲಿ ಸಿಹಿನೀರು ಇಳಿದಾಗ ಅಳಿವೆಯ ಪಕ್ಕದ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಅಘನಾಶಿನಿ, ಶರಾವತಿಯ ಅಳಿವೆಗಳ ಹತ್ತಿರ ಇರುವವರಿಗೂ ಈ ಕಷ್ಟ ಗೊತ್ತು. ಪಾಪ, ಅವಳು ಪ್ರೀತಿಯಿಂದ ದಿನಾ ಎರಡು ಹೊತ್ತು ಉಪ್ಪುನೀರು ಎರೆಯುತ್ತಿದ್ದಳು. ಮಳೆ ಬರುವವರೆಗೆ ಗಿಡಕ್ಕೂ ನಲ್ಲಿ ನೀರನ್ನೇ ಕೊಡಲು ಹೇಳಿದೆ. ಒಂಬತ್ತನೇ ದಿನ ಸುಳಿಯಲ್ಲಿ ಚೊಕ್ಕ ಹಸಿರು ಎಲೆ ಬಂದ ಫೋಟೊ ಕಳಿಸಿದಳು.

ಉಪ್ಪು ತೊಳೆಯುವುದು ಹೀಗೆ: ಚೀಲದ ಗಾತ್ರದ ಎರಡು ಪಟ್ಟು ನೀರು ಬೇಕು. 15 ಲೀಟರ್ ಚೀಲಕ್ಕೆ 30 ಲೀಟರ್. ಒಮ್ಮೆಲೇ ಸುರಿಯದೆ, ಚೊಂಬಿನಲ್ಲಿ ಅರ್ಧ ತಾಸು ಹಿಡಿದು ಹಾಕಿ. ಕಡೆಯ ನಾಲ್ಕೈದು ಲೀಟರಿಗೆ ಲೀಟರಿಗೊಂದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ. ಬರೀ ಮೃದು ನೀರಿನಲ್ಲಿ ತೊಳೆದು ಬಿಟ್ಟರೆ ಉಪ್ಪಿನ ಜೊತೆ ಬೇಕಾದದ್ದೂ ಹೋಗಿರುತ್ತದೆ.

ಮೂರನೇ ಹೆಜ್ಜೆ: ಹಳೇ ಎಲೆಯೋ, ಹೊಸ ಎಲೆಯೋ?

ನೀರು ಸರಿ ಇದೆ, ಉಪ್ಪೂ ಇಲ್ಲ ಎಂದಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಕೆಲವು ಪೋಷಕಾಂಶಗಳನ್ನು ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು. ಅವು ಕಡಿಮೆಯಾದರೆ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕೆಲವನ್ನು ಸಾಗಿಸಲಾಗದು. ಆಗ ಸುಳಿಯಲ್ಲೇ ತೊಂದರೆ ಕಾಣುತ್ತದೆ.

ಕೆಳಗಿನ ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಎಲೆಯನ್ನು ಬಿಸಿಲಿಗೆ ಎದುರು ಹಿಡಿದಾಗ ನರಗಳು ಹಸಿರಾಗಿ, ನಡುವಿನ ಜಾಗ ಮಾತ್ರ ಹಳದಿಯಾಗಿ, ಮೀನಿನ ಮುಳ್ಳಿನ ಹಾಗೆ ಕಂಡರೆ ಮೆಗ್ನೀಸಿಯಂ ಕೊರತೆ. ಕೊಕೊಪೀಟ್‌ನಲ್ಲಿ ನಾನು ಅತಿ ಹೆಚ್ಚು ಕಂಡದ್ದು ಇದನ್ನೇ. ಅದೇ ಮುಳ್ಳಿನ ಚಿತ್ರ ಸುಳಿಯ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ. ಸುಳಿಯ ಎಲೆ ಸೊಟ್ಟಗೆ, ತುದಿ ಕೊಕ್ಕೆಯಂತೆ ಬಾಗಿ ಬಂದರೆ, ಟೊಮೆಟೊ ಕಾಯಿಯ ತಳ ಕಪ್ಪಗೆ ಚಪ್ಪಟೆಯಾದರೆ ಕ್ಯಾಲ್ಸಿಯಂ ಸಿಗುತ್ತಿಲ್ಲ.

ಡಿಸೆಂಬರಿನ ಚಳಿಯಲ್ಲಿ ಟೊಮೆಟೊ ಸಸಿಯ ಎಲೆಯ ಅಡಿ ನೇರಳೆಯಾಗುತ್ತದೆ. ರಂಜಕದ ಕೊರತೆಯಂತೆ ಕಾಣುತ್ತದೆ ನಿಜ, ಆದರೆ ಎಷ್ಟೋ ಸಲ ಬೇರಿಗೆ ತಣ್ಣಗಾಗಿ ಹೀರಲಾಗದೆ ಹಾಗಾಗಿರುತ್ತದೆ. ಬಿಸಿಲು ಬೀಳುವ ಕಡೆ ಸರಿಸಿ ಕಾಯಿರಿ.

ಇಲ್ಲಿ ಬೂದಿಯ ಮಾತು ಹೇಳಲೇಬೇಕು. ಒಲೆಯ ಬೂದಿ ಹಾಕುವುದು ನಮ್ಮ ಹಿತ್ತಿಲುಗಳ ಹಳೇ ರೂಢಿ. ಹುಳಿ ಮಣ್ಣಿಗೆ ಅದು ಒಳ್ಳೆಯದೇ. ಕೊಕೊಪೀಟ್‌ಗೆ ಮಾತ್ರ ಬೇಡ. ಬೂದಿಯಲ್ಲಿರುವುದು ಮತ್ತದೇ ಪೊಟ್ಯಾಸಿಯಂ. ಮೊದಲೇ ತುಂಬಿರುವ ಕಡೆ ಇನ್ನಷ್ಟು ಸೇರಿ ಮೆಗ್ನೀಸಿಯಂಗೆ ದಾರಿ ಮುಚ್ಚುತ್ತದೆ. ಅದರ ಸುಣ್ಣದ ಗುಣದಿಂದ ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, ಏರುತ್ತದೆ. ಪಿಎಚ್ 5.5ರಿಂದ 6.5ರ ಒಳಗಿರಬೇಕು. ಏಳು ದಾಟಿದರೆ ಕಬ್ಬಿಣ ಇದ್ದೂ ಗಿಡಕ್ಕೆ ಸಿಗದು.

ನಾಲ್ಕನೇ ಹೆಜ್ಜೆ: ಒಂದೇ ಬದಲಾವಣೆ, ಹತ್ತು ದಿನ

19:19:19ರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇವೆ. ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಹಾಗಾಗಿ ನಾನು ವಾರಕ್ಕೊಮ್ಮೆ ಅದನ್ನು ಲೀಟರಿಗೆ 1 ಗ್ರಾಂ ಕೊಡುತ್ತೇನೆ. ಮೂರು ದಿನ ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ. ಇವೆರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಬೇಡಿ. ಕ್ಯಾಲ್ಸಿಯಂ, ರಂಜಕ ಸೇರಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಗಿಡಕ್ಕೆ ಎರಡೂ ಇಲ್ಲ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಅದನ್ನು 19:19:19 ಜೊತೆ ಲೀಟರಿಗೆ ಅರ್ಧ ಗ್ರಾಂ ಸೇರಿಸಬಹುದು. ಕೊರತೆ ಜೋರಾಗಿದ್ದರೆ ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಹಳದಿಯಾದ ಹಳೇ ಎಲೆ ಮತ್ತೆ ಪೂರ್ತಿ ಹಸಿರಾಗುತ್ತದೆ ಎಂದು ಕಾಯಬೇಡಿ. ಸುಟ್ಟ ಅಂಚಂತೂ ಸುಟ್ಟದ್ದೇ. ಹೊಸ ಎಲೆ ನೋಡಿ. ಅದು ಸರಿ ಬಂದರೆ ನೀವು ಮಾಡಿದ್ದು ಸರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಹತ್ತು ದಿನ ಕಾಯಿರಿ. ಇವತ್ತು ಎಪ್ಸಮ್, ನಾಳೆ ಗಂಜಲ, ನಾಡಿದ್ದು ಮಜ್ಜಿಗೆ ಎಂದು ಹಾಕುತ್ತ ಹೋದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದೇ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ಸಂಗತಿ. ಕ್ಯಾಲ್ಸಿಯಂ ಗಿಡದೊಳಗೆ ಏರುವುದು ನೀರಿನ ಜೊತೆ. ಎಲೆಯಿಂದ ನೀರು ಆವಿಯಾದರೆ ತಾನೇ ಕೆಳಗಿನಿಂದ ಏರುವುದು? ಜುಲೈಯಲ್ಲಿ ವಾರಗಟ್ಟಲೆ ಗಾಳಿಯೇ ಒದ್ದೆ ಇರುವಾಗ ಎಲೆ ಬೆವರುವುದಿಲ್ಲ. ಚೀಲದಲ್ಲಿ ಕ್ಯಾಲ್ಸಿಯಂ ಇದ್ದರೂ ಸುಳಿ ಸೊಟ್ಟಗಾಗುತ್ತದೆ. ಆಗ ಇನ್ನಷ್ಟು ಹಾಕಿ ಪ್ರಯೋಜನವಿಲ್ಲ. ಮಾಡಿನ ಕೆಳಗೆ, ಗಾಳಿ ಆಡುವ ಕಡೆ ಇಡಿ. ಚೀಲಗಳ ನಡುವೆ ಒಂದು ಮೊಳ ಬಿಡಿ.

ಮೆಣಸಿನ ಎಲೆ ಮುದುಡಿದ್ದರೆ ಗೊಬ್ಬರದ ಯೋಚನೆ ಬಿಟ್ಟು ಮೊದಲು ಎಲೆಯ ಅಡಿ ನೋಡಿ. ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ನುಸಿ ಇರುವ ಸಾಧ್ಯತೆ ಹೆಚ್ಚು. ಬಿಳಿ ಹಾಳೆ ಹಿಡಿದು ಟೊಂಗೆ ತಟ್ಟಿ. ಥ್ರಿಪ್ಸ್ ಆದರೆ ಕೂದಲೆಳೆಯಷ್ಟು ಸಣ್ಣ ಹುಳ ಹಾಳೆಯ ಮೇಲೆ ಓಡಾಡುತ್ತದೆ. ನುಸಿ ಮಾತ್ರ ಬರಿಗಣ್ಣಿಗೆ ಕಾಣುವುದು ಕಷ್ಟ, ಭೂತಗನ್ನಡಿ ಬೇಕು.

ಮುಂದಿನ ಸಲ ಹೊಸ ಇಟ್ಟಿಗೆ ತಂದಾಗ ಮೊದಲೇ ತೊಳೆದುಕೊಳ್ಳಿ. 5 ಕಿಲೋದ ಇಟ್ಟಿಗೆಗೆ 25ರಿಂದ 30 ಲೀಟರ್ ನೀರು ಬೇಕು. ಉಬ್ಬಿದ ಮೇಲೆ ಗೋಣಿಚೀಲಕ್ಕೆ ತುಂಬಿ, ಸೋರುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಇನ್ನೊಮ್ಮೆ ತೊಳೆಯಿರಿ. ಸೀಟು ಹಿಡಿದ ಸೋಡಿಯಂ, ಪೊಟ್ಯಾಸಿಯಂ ಅಲ್ಲೇ ಇಳಿದು ಹೋಗುತ್ತವೆ. ಆ ಮೊದಲ ನೀರನ್ನು ಗಿಡಗಳ ಬುಡಕ್ಕೆ ಬಿಡಬೇಡಿ, ಅಂಗಳದಾಚೆ ಚೆಲ್ಲಿ.

ಬೇರು ಕೊಳೆತು ಸತ್ತ ಗಿಡದ ಪುಡಿಗೆ ಮತ್ತೆ ಮೆಣಸು, ಟೊಮೆಟೊ ನೆಡಬೇಡಿ. ಗೋಣಿಯಲ್ಲಿ ಕಟ್ಟಿ ಒಂದು ಮಳೆಗಾಲ ಹೊರಗೆ ಬಿಟ್ಟರೆ ಉಪ್ಪೆಲ್ಲ ತೊಳೆದು ಹೋಗಿರುತ್ತದೆ. ದೀಪಾವಳಿ ಹೊತ್ತಿಗೆ ಅದನ್ನು ಬಾಳೆ ಬುಡಕ್ಕೆ ಹರಡಿ, ಮೇಲೆ ದರಕು (ಒಣಗಿದ ಎಲೆ) ಮುಚ್ಚಿ.