ಕೊಲೆ ಪ್ರಕರಣದ ವಿಚಾರಣೆಯನ್ನು ಆನ್‌ಲೈನ್‌ನಲ್ಲಿ ಗಮನಿಸುವವರಿಗೆ: ಸಾಕ್ಷ್ಯ ಯಾವುದು, ಊಹೆ ಯಾವುದು ಎಂದು ತಿಳಿಯುವ ಬಗೆ

2008ರ ಮೇ 16ರ ಬೆಳಿಗ್ಗೆ ನೋಯ್ಡಾದ ಜಲವಾಯು ವಿಹಾರದ ಮನೆಯೊಂದರಲ್ಲಿ ಆರುಷಿ ತಲ್ವಾರ್ ಎಂಬ ಬಾಲಕಿಯ ಕೊಲೆ ಬೆಳಕಿಗೆ ಬಂತು. ಮನೆಗೆಲಸಕ್ಕಿದ್ದ ಹೇಮರಾಜ್ ಕಾಣುತ್ತಿಲ್ಲ ಎಂಬ ಕಾರಣಕ್ಕೆ ಪೊಲೀಸರು ಮೊದಲು ಅವರನ್ನೇ ಶಂಕಿಸಿದರು. ಸುದ್ದಿಯೂ ಹಾಗೆಯೇ ಹರಡಿತು. ಮರುದಿನ ಅದೇ ಕಟ್ಟಡದ ತಾರಸಿಯಲ್ಲಿ ಹೇಮರಾಜ್ ಅವರ ಶವ ಸಿಕ್ಕಿತು. ಆಮೇಲೆ ಅನುಮಾನ ಬಾಲಕಿಯ ತಂದೆಯತ್ತ ಹೊರಳಿತು, ಅಲ್ಲಿಂದ ಮೂವರು ಕೆಲಸಗಾರರತ್ತ, ಕೊನೆಗೆ ತಂದೆ ತಾಯಿ ಇಬ್ಬರತ್ತಲೂ ತಿರುಗಿತು. 2013ರ ನವೆಂಬರ್‌ನಲ್ಲಿ ಘಾಜಿಯಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಆ ದಂಪತಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆಗೊಳಿಸಿತು. ಈ ಒಂದೊಂದು ತಿರುವಿನಲ್ಲಿಯೂ, ಕೊಲೆಗಾರರು ಇಂಥವರೇ ಎಂದು ಖಚಿತವಾಗಿ ಹೇಳುವವರು ಸಾವಿರಾರು ಮಂದಿ ಇದ್ದರು.

ಈಗ ಯಾವುದೇ ದೊಡ್ಡ ಕೊಲೆ ಪ್ರಕರಣ ನಡೆದರೂ ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾಕ್ಷ್ಯದ ಕುರಿತ ಚರ್ಚೆ ಕೋರ್ಟಿಗಿಂತ ಮೊದಲೇ ಮುಗಿದಿರುತ್ತದೆ. ಪ್ರಕರಣವನ್ನು ಗಮನಿಸುವುದು ತಪ್ಪಲ್ಲ; ನ್ಯಾಯಾಲಯಗಳು ತೆರೆದ ಬಾಗಿಲಿನಲ್ಲಿ ವಿಚಾರಣೆ ನಡೆಸುವುದೇ ಜನರು ನೋಡಲಿ ಎಂದು. ಆದರೆ ನೋಡುವುದಕ್ಕೂ ಒಂದು ಕ್ರಮ ಬೇಕು. ಕಣ್ಣಿಗೆ ಬಿದ್ದ ಪ್ರತಿಯೊಂದು ಸಂಗತಿಯ ಬಗ್ಗೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದನ್ನು ಹೇಳಿದವರು ಯಾರು, ಪ್ರಕರಣದ ಯಾವ ಹಂತದಲ್ಲಿ ಹೇಳಿದರು, ಇದು ಪಾಟೀಸವಾಲನ್ನು, ಅಂದರೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಪ್ರಶ್ನೆಗಳನ್ನು, ಎದುರಿಸಿ ಉಳಿದಿದೆಯೇ. ಈ ಬರಹದಲ್ಲಿರುವುದೆಲ್ಲ ಈ ಮೂರು ಪ್ರಶ್ನೆಗಳನ್ನು ಕೇಳುವ ವಿಧಾನವೇ.

ಮೊದಲು ಹಂತವನ್ನು ಗುರುತಿಸಿ

ಎಫ್‌ಐಆರ್ ಎಂಬುದು ಅಪರಾಧ ನಡೆದಿದೆ ಎಂದು ಪೊಲೀಸರಿಗೆ ಸಿಕ್ಕ ಮೊದಲ ಮಾಹಿತಿ ಮಾತ್ರ. ಅದನ್ನು ಕೊಟ್ಟವರು ಕೊಲೆಯನ್ನು ಕಣ್ಣಾರೆ ಕಂಡವರಾಗಿರಬೇಕಿಲ್ಲ. ಅದರಲ್ಲಿ ಹೆಸರಿಲ್ಲದವರು ನಿರ್ದೋಷಿಗಳೆಂದಾಗಲಿ, ಹೆಸರಿರುವವರು ದೋಷಿಗಳೆಂದಾಗಲಿ ಅರ್ಥವಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿರುವುದರಿಂದ ಅದರ ಪ್ರತಿ ಸುಲಭವಾಗಿ ಸಿಗುತ್ತದೆ. ಸುಲಭವಾಗಿ ಸಿಗುವುದರಿಂದಲೇ ಅದಕ್ಕೆ ಇಲ್ಲದ ತೂಕ ಬಂದುಬಿಡುತ್ತದೆ.

ಚಾರ್ಜ್‌ಶೀಟ್ ತನಿಖಾಧಿಕಾರಿಯ ಅಭಿಪ್ರಾಯ. ಅದು ಸಾವಿರಾರು ಪುಟಗಳಿದ್ದರೂ ಅಭಿಪ್ರಾಯವೇ. ಪುಟಗಳ ಸಂಖ್ಯೆಯಿಂದ ಪ್ರಕರಣದ ಬಲ ಅಳೆಯಲಾಗದು. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಡಬೇಕಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಆದ್ದರಿಂದ ನಿಮ್ಮ ಮೊಬೈಲಿಗೆ ಬಂದಿರುವ ಚಾರ್ಜ್‌ಶೀಟಿನ ಪುಟ ಯಾರೋ ಆರಿಸಿ ಹೊರಬಿಟ್ಟ ಪುಟ. ಅದರ ಹಿಂದಿನ ಮತ್ತು ಮುಂದಿನ ಪುಟಗಳಲ್ಲಿ ಏನಿದೆ ಎಂಬುದು ನಿಮಗೂ ಗೊತ್ತಿಲ್ಲ, ಅದನ್ನು ಕಳಿಸಿದವರಿಗೂ ಬಹುತೇಕ ಗೊತ್ತಿರುವುದಿಲ್ಲ.

ಜಾಮೀನನ್ನೂ ಜನ ತಪ್ಪಾಗಿ ಓದುತ್ತಾರೆ. ಕೊಲೆ ಪ್ರಕರಣದಲ್ಲಿ 90 ದಿನಗಳೊಳಗೆ ಚಾರ್ಜ್‌ಶೀಟ್ ಸಲ್ಲಿಕೆಯಾಗದಿದ್ದರೆ ಬಂಧಿತರಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ನೋಯ್ಡಾ ಪ್ರಕರಣದ ಮೂವರು ಕೆಲಸಗಾರರು 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದದ್ದು ಅವರ ವಿರುದ್ಧ ಚಾರ್ಜ್‌ಶೀಟ್ ಸಲ್ಲಿಕೆಯಾಗದ ಕಾರಣಕ್ಕೆ. ಜಾಮೀನು ಆದೇಶದಲ್ಲಿ ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಬರೆಯುವ ಮಾತುಗಳು ಮೇಲ್ನೋಟದ ಮಾತುಗಳು, ವಿಚಾರಣೆಯ ಮೇಲೆ ಅವು ಪ್ರಭಾವ ಬೀರಬಾರದೆಂದು ಆದೇಶದಲ್ಲಿಯೇ ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಆ ಸಾಲನ್ನು ಬಿಟ್ಟು ಉಳಿದದ್ದನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆಯುವುದು ಅಪ್ರಾಮಾಣಿಕತೆ.

ಹಂತವನ್ನು ತಿಳಿಯಲು ಇ-ಕೋರ್ಟ್ಸ್ ಆ್ಯಪ್ ಸಾಕು. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ದಿನಾಂಕ ಯಾವುದು ಎಂಬುದು ತಿಳಿಯುತ್ತದೆ. ಯಾವ ಆರೋಪಗಳ ಮೇಲೆ ವಿಚಾರಣೆ ಎಂದು ನ್ಯಾಯಾಲಯ ಗೊತ್ತುಪಡಿಸುವ ಆರೋಪ ನಿಗದಿಯ ಬಳಿಕವೇ ಸಾಕ್ಷಿಗಳ ವಿಚಾರಣೆ ಶುರುವಾಗುವುದು. ಹಾಗಾಗಿ ಆರೋಪ ನಿಗದಿಯೇ ಆಗಿಲ್ಲದ ಪ್ರಕರಣದಲ್ಲಿ ಸಾಕ್ಷಿ ಕೋರ್ಟಿನಲ್ಲಿ ಎಲ್ಲವನ್ನೂ ಬಾಯಿಬಿಟ್ಟ ಎಂದು ಯಾರಾದರೂ ವಿಡಿಯೊ ಮಾಡಿದ್ದರೆ, ಅದನ್ನು ಅಲ್ಲಿಗೇ ನಿಲ್ಲಿಸಬಹುದು.

ಸ್ವಇಚ್ಛಾ ಹೇಳಿಕೆಯನ್ನು ಓದುವುದು ಹೇಗೆ

ಸ್ವಇಚ್ಛಾ ಹೇಳಿಕೆ ಎಂದರೆ ಆರೋಪಿ ತಾನಾಗಿಯೇ ಹೇಳಿದನೆಂದು ಪೊಲೀಸರು ಬರೆದುಕೊಳ್ಳುವ ಹೇಳಿಕೆ. ಕೊಲೆ ಪ್ರಕರಣಗಳಲ್ಲಿ ಅತಿ ಹೆಚ್ಚು ಹರಿದಾಡುವುದೂ ಅತಿ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂಬ ಶೀರ್ಷಿಕೆ ಬಂದ ಕೂಡಲೇ ಚರ್ಚೆ ಮುಗಿದಂತೆ ಎಲ್ಲರೂ ಭಾವಿಸುತ್ತಾರೆ. ಕಾನೂನು ಹಾಗೆ ಭಾವಿಸುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಪೊಲೀಸ್ ವಶದಲ್ಲಿದ್ದಾಗ ಮಾಡಿದ ತಪ್ಪೊಪ್ಪಿಗೆಯೂ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಆಗಿರದ ಹೊರತು ಅಷ್ಟೇ. ಹಿಂದೆ ಇದು ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನಲ್ಲಿದೆ. ವಶದಲ್ಲಿರುವ ಮನುಷ್ಯನಿಂದ ಮಾತು ಹೊರಡಿಸುವುದು ಎಷ್ಟು ಸುಲಭ ಎಂಬುದನ್ನು ಬಲ್ಲವರು ಬರೆದ ನಿಯಮವಿದು.

ಇದಕ್ಕೆ ಒಂದು ವಿನಾಯಿತಿ ಇದೆ. ವಶದಲ್ಲಿದ್ದವನು ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಕೋರ್ಟ್ ನೋಡಬಹುದು. ಆ ಗೆರೆ ಎಲ್ಲಿ ಬೀಳುತ್ತದೆಂದು ತಿಳಿಯಲು, 1947ರ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಬ್ರಿಟಿಷ್ ಆಳ್ವಿಕೆಯಲ್ಲಿ ಕೊನೆಯ ಮೇಲ್ಮನವಿಯ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಕೊಟ್ಟ ಉದಾಹರಣೆಗಿಂತ ಒಳ್ಳೆಯದು ಇಂದಿಗೂ ಇಲ್ಲ. ಆರೋಪಿ ಹೀಗೆ ಹೇಳಿದನೆಂದು ಇಟ್ಟುಕೊಳ್ಳಿ: ‘ನಾನು ಇಂಥವನನ್ನು ಇರಿದ ಚಾಕುವನ್ನು ನನ್ನ ಮನೆಯ ಮಾಡಿನಲ್ಲಿ ಬಚ್ಚಿಟ್ಟಿದ್ದೇನೆ, ತೆಗೆದುಕೊಡುತ್ತೇನೆ.’ ಪೊಲೀಸರು ಪಂಚರೊಂದಿಗೆ (ಜಪ್ತಿಗೆ ಸಾಕ್ಷಿಯಾಗಿ ಕರೆದೊಯ್ಯುವವರು) ಹೋಗಿ ಮಾಡಿನಿಂದ ಚಾಕು ತೆಗೆದು, ಅದರ ವಿವರ ದಾಖಲಿಸುವ ಮಹಜರು ಬರೆದು ಜಪ್ತಿ ಮಾಡಿದರು. ಈ ವಾಕ್ಯದಲ್ಲಿ ‘ಚಾಕುವನ್ನು ನನ್ನ ಮನೆಯ ಮಾಡಿನಲ್ಲಿ ಬಚ್ಚಿಟ್ಟಿದ್ದೇನೆ’ ಎಂಬುದು ಸಾಕ್ಷ್ಯವಾಗಬಹುದು. ಅವನಿಗೆ ಚಾಕು ಇರುವ ಜಾಗ ಗೊತ್ತಿತ್ತು ಎಂದಷ್ಟೇ ಅದು ತೋರಿಸುತ್ತದೆ. ‘ನಾನು ಇಂಥವನನ್ನು ಇರಿದ’ ಎಂಬ ಭಾಗ ಕೋರ್ಟಿಗೆ ಬರುವಂತಿಲ್ಲ. ಆ ಚಾಕುವೇ ಕೊಲೆಗೆ ಬಳಕೆಯಾಯಿತೆಂಬುದನ್ನು ರಕ್ತದ ಪರೀಕ್ಷೆ, ಗಾಯದ ಸ್ವರೂಪ, ವೈದ್ಯರ ಸಾಕ್ಷ್ಯ ಮುಂತಾದ ಬೇರೆ ದಾರಿಯಿಂದಲೇ ಸಾಬೀತುಪಡಿಸಬೇಕು. ಪಂಚರು ಕೋರ್ಟಿಗೆ ಬಂದು, ನಮ್ಮ ಕಣ್ಣ ಮುಂದೆ ಚಾಕು ತೆಗೆಯಲಿಲ್ಲ, ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು ಎಂದರೆ ಜಪ್ತಿಯ ಮೇಲೆಯೇ ಅನುಮಾನ ಬೀಳುತ್ತದೆ.

ಹಾಗಾಗಿ ಸ್ವಇಚ್ಛಾ ಹೇಳಿಕೆಯ ಪ್ರತಿ ಕೈಗೆ ಸಿಕ್ಕಾಗ ಪೆನ್ಸಿಲ್ ಹಿಡಿದು ಓದಿ. ವಸ್ತು ಪತ್ತೆಗೆ ಕಾರಣವಾದ ಸಾಲುಗಳಿಗೆ ಗೆರೆ ಎಳೆಯಿರಿ. ಆರೋಪಿ ಹೇಗೆ ಹೊಡೆದ, ಯಾರು ಏನೆಂದರು, ಕೊನೆಗೆ ಮೃತರು ಹೇಗೆ ಬೇಡಿಕೊಂಡರು ಎಂಬ, ನಮ್ಮ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುವ ವಿವರಗಳೆಲ್ಲ ಗೆರೆಯ ಹೊರಗೇ ಉಳಿಯುತ್ತವೆ. ಅವುಗಳನ್ನು ನಡೆದ ಘಟನೆಯೆಂದು ಮತ್ತೆ ಬರೆಯಬೇಡಿ. ಸಾಕ್ಷಿಗಳು ಪೊಲೀಸರಿಗೆ ಕೊಟ್ಟ ಹೇಳಿಕೆಗಳ ಬಗ್ಗೆಯೂ ಇದೇ ಎಚ್ಚರ ಇರಲಿ: ಅವುಗಳ ಮೇಲೆ ಸಾಕ್ಷಿಯ ಸಹಿ ಇರುವುದಿಲ್ಲ, ಮತ್ತು ಕೋರ್ಟಿನಲ್ಲಿ ಮುಖ್ಯವಾಗಿ ಅವು ಬಳಕೆಯಾಗುವುದು ಸಾಕ್ಷಿಯ ಮಾತಿನ ವ್ಯತ್ಯಾಸ ತೋರಿಸಲು.

ಮಂಪರು ಪರೀಕ್ಷೆಯ ವಿಡಿಯೊಗಳದೂ ಇದೇ ಕಥೆ. ನೋಯ್ಡಾ ಪ್ರಕರಣದ ಶಂಕಿತ ಕೆಲಸಗಾರರಲ್ಲಿ ಒಬ್ಬರ ಮಂಪರು ಪರೀಕ್ಷೆ 2008ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಅಂಥ ಪರೀಕ್ಷೆಗಳ ದೃಶ್ಯಗಳು ಟಿವಿಯಲ್ಲಿಯೂ ಬಂದವು. ಎರಡು ವರ್ಷಗಳ ಬಳಿಕ, 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳು ನಕ್ಷೆ ಪರೀಕ್ಷೆ ನಡೆಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯದಿರುವ ಸಂವಿಧಾನದತ್ತ ಹಕ್ಕಿನ ಉಲ್ಲಂಘನೆ ಎಂದು ಹೇಳಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯಲ್ಲಿಯೂ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. ಔಷಧದ ಅಮಲಿನಲ್ಲಿರುವ ಮನುಷ್ಯನ ತೊದಲು ಮಾತಿಗೆ ಸಬ್‌ಟೈಟಲ್ ಹಾಕಿ ಹಂಚುವುದು ಕ್ರೌರ್ಯ ಎಂದೇ ನನ್ನ ಅಭಿಪ್ರಾಯ.

ಪ್ರಯೋಗಾಲಯ, ಕ್ಯಾಮೆರಾ, ಮೊಬೈಲ್ ಟವರ್

ಡಿಎನ್‌ಎ ಹೊಂದಿಕೆಯಾಯಿತು ಎಂಬ ಸುದ್ದಿ ಬಂದಾಗ, ಯಾವ ವಸ್ತುವಿನ ಮೇಲೆ, ಆ ವಸ್ತುವನ್ನು ಎಲ್ಲಿಂದ ಯಾರು ತೆಗೆದರು, ಅದಕ್ಕೆ ಮೊಹರು ಯಾವಾಗ ಬಿತ್ತು, ಪ್ರಯೋಗಾಲಯ ತಲುಪುವವರೆಗೆ ಎಲ್ಲಿತ್ತು ಎಂದು ಕೇಳಬೇಕು. ಆರೋಪಿ ವಾಸಿಸುವ ಮನೆಯಲ್ಲಿಯೇ ಅವನ ಡಿಎನ್‌ಎ ಸಿಕ್ಕರೆ ಅದರಿಂದ ತಿಳಿಯುವುದು ಕಡಿಮೆ. ಅವನು ಎಂದೂ ಹೋಗಿಲ್ಲ ಎಂದ ಜಾಗದಲ್ಲಿ ಸಿಕ್ಕರೆ ಮಾತು ಬೇರೆ.

ಮೊಹರು ಮತ್ತು ಚೀಟಿ ಎಷ್ಟು ಮುಖ್ಯ ಎಂಬುದಕ್ಕೆ ನೋಯ್ಡಾ ಪ್ರಕರಣದ ಒಂದು ದಿಂಬಿನ ಚೀಲವೇ ಸಾಕ್ಷಿ. ಶಂಕಿತ ಕೆಲಸಗಾರರೊಬ್ಬರ ಕೋಣೆಯಿಂದ ತಂದದ್ದೆಂದು ನಮೂದಾಗಿದ್ದ ದಿಂಬಿನ ಚೀಲದ ಮೇಲೆ ಹೇಮರಾಜ್ ಅವರ ಡಿಎನ್‌ಎ ಇದೆ ಎಂದು ಹೈದರಾಬಾದಿನ ಪ್ರಯೋಗಾಲಯ 2008ರಲ್ಲಿ ವರದಿ ಕೊಟ್ಟಿತ್ತು. ಅದು ಹಾಗೆಯೇ ನಿಂತಿದ್ದರೆ ಪ್ರಕರಣದ ದಿಕ್ಕೇ ಬದಲಾಗುತ್ತಿತ್ತು. 2011ರಲ್ಲಿ, ಎರಡು ಚೀಲಗಳ ವಿವರಣೆ ಟೈಪ್ ಮಾಡುವಾಗ ಅದಲುಬದಲಾಗಿದೆ, ಡಿಎನ್‌ಎ ಸಿಕ್ಕದ್ದು ಹೇಮರಾಜ್ ಅವರ ಸ್ವಂತ ದಿಂಬಿನ ಮೇಲೆ ಎಂಬ ಸ್ಪಷ್ಟನೆ ಬಂತು. ಇದು ನಿಜವಾದ ತಪ್ಪೋ ಅಲ್ಲವೋ ಎಂಬ ವಾದ ಮೇಲ್ಮನವಿಯವರೆಗೂ ಬೆಳೆಯಿತು. ವಿಜ್ಞಾನದ ವರದಿಯಾದರೂ ಅದರ ಅರ್ಥ ಒಂದು ಚೀಟಿಯ ಮೇಲೆ ನಿಂತಿತ್ತು ಎಂಬುದನ್ನು ಮರೆಯಬಾರದು.

ಸಿಸಿಟಿವಿ ದೃಶ್ಯದ ಮೂಲೆಯಲ್ಲಿ ಕಾಣುವ ಸಮಯ ಆ ಯಂತ್ರದ ಗಡಿಯಾರದ ಸಮಯ. ನಿಜ ಸಮಯಕ್ಕಿಂತ ಹಿಂದೆ ಮುಂದೆ ಇರಬಹುದು, ಅದನ್ನು ತನಿಖಾಧಿಕಾರಿ ಜಪ್ತಿಯ ವೇಳೆ ತಾಳೆ ನೋಡಿ ಬರೆದಿರಬೇಕು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಕಾನೂನು ಕೇಳುವ ಪ್ರಮಾಣಪತ್ರವೂ ಬೇಕು. ಮೊಬೈಲ್ ಟವರಿನ ದಾಖಲೆ, ಫೋನು ಆ ಟವರಿನ ವ್ಯಾಪ್ತಿಯಲ್ಲಿತ್ತು ಎಂದು ಹೇಳುತ್ತದೆಯೇ ಹೊರತು ಕೊಲೆಯಾದ ಕೋಣೆಯಲ್ಲಿತ್ತು ಎಂದಲ್ಲ, ಮತ್ತು ಫೋನು ಯಾರ ಕೈಯಲ್ಲಿತ್ತು ಎಂದಂತೂ ಅಲ್ಲ.

ಬರೆಯುವ ಮುನ್ನ, ಹಂಚುವ ಮುನ್ನ

ತೀರ್ಪು ಬರುವವರೆಗೆ ಆರೋಪಿಯನ್ನು ಆರೋಪಿ ಎಂದೇ ಕರೆಯಿರಿ. ‘ಕೊಂದ’ ಎಂದು ಬರೆಯುವಲ್ಲಿ ‘ಕೊಂದನೆಂದು ಪ್ರಾಸಿಕ್ಯೂಷನ್ ಆರೋಪಿಸಿದೆ’ ಎಂದು ಬರೆಯುವುದರಿಂದ ವಾಕ್ಯ ಉದ್ದವಾಗುತ್ತದೆ, ಆದರೆ ಸತ್ಯವಾಗುತ್ತದೆ. ಆರೋಪಿಗಳಿಗೆ ಕೊಡುವ ಎ1, ಎ2 ಎಂಬ ಕ್ರಮಸಂಖ್ಯೆಗಳು ಅಪರಾಧದಲ್ಲಿನ ಪಾತ್ರದ ಅಳತೆಗೋಲಲ್ಲ. ತನಿಖೆಯ ನಡುವೆ ಅವು ಬದಲಾಗುವುದೂ ಉಂಟು.

ಆರೋಪಿಯ ಫೋಟೊ ಹಂಚುವುದರಿಂದ ಪ್ರಾಸಿಕ್ಯೂಷನ್‌ಗೇ ಹಾನಿಯಾಗಬಹುದು ಎಂಬುದು ಹಲವರಿಗೆ ತಿಳಿದಿಲ್ಲ. ಅಪರಿಚಿತನನ್ನು ಕಂಡ ಸಾಕ್ಷಿ ಗುರುತಿನ ಪರೇಡಿನಲ್ಲಿ, ಅಂದರೆ ಹಲವರ ಸಾಲಿನಲ್ಲಿ ನಿಲ್ಲಿಸಿದಾಗ, ಅವನನ್ನು ಗುರುತಿಸಬೇಕಾದಾಗ, ಆ ಮುಖ ಅದಾಗಲೇ ಎಲ್ಲರ ಮೊಬೈಲಿನಲ್ಲಿದ್ದರೆ, ಸಾಕ್ಷಿ ಗುರುತಿಸಿದ್ದು ಕಂಡ ಮುಖವನ್ನೋ ಫೋಟೊವನ್ನೋ ಎಂದು ವಕೀಲರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕೊಲೆಯಾದವರಿಗೆ ನ್ಯಾಯ ಸಿಗಲಿ ಎಂದು ಹಂಚಿದ ಫೋಟೊ ನ್ಯಾಯಕ್ಕೇ ಅಡ್ಡ ನಿಂತಂತಾಗುತ್ತದೆ.

ಸಾಕ್ಷಿಗಳ ಹೆಸರು, ಊರು, ಕೆಲಸದ ಜಾಗ ಇವುಗಳನ್ನು ಎಂದಿಗೂ ಬರೆಯಬೇಡಿ. ಸಾಕ್ಷಿಗಳ ಭಯ ಎಷ್ಟು ನಿಜವೆಂದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು ಅದನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಹೇಳಬೇಕಾಯಿತು. ಸಾಕ್ಷಿ ಪ್ರತಿಕೂಲವಾದನೆಂದ, ಅಂದರೆ ಪೊಲೀಸರಿಗೆ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳಲಿಲ್ಲವೆಂದ, ಮಾತ್ರಕ್ಕೆ ದುಡ್ಡು ತಿಂದ ಎಂದು ಬರೆಯುವುದು ಮಾನಹಾನಿ. ಪ್ರತಿಕೂಲ ಸಾಕ್ಷಿಯ ಮಾತಿನಲ್ಲಿಯೂ ನಂಬಲರ್ಹವಾದ ಭಾಗವನ್ನು ಕೋರ್ಟ್ ಸ್ವೀಕರಿಸಬಹುದು. ಚಾರ್ಜ್‌ಶೀಟ್ ಸಲ್ಲಿಕೆಯಾದ ಬಳಿಕ ವಿಚಾರಣೆಗೆ ಅಡ್ಡಿಯಾಗುವಂತೆ ಬರೆದರೆ 1971ರ ನ್ಯಾಯಾಂಗ ನಿಂದನೆ ಅಧಿನಿಯಮ ಅನ್ವಯವಾಗಬಹುದು. ಆರೋಪಿಗಳ ಹೆಂಡತಿ ಮಕ್ಕಳ ಖಾತೆಗಳಿಗೆ ಹೋಗಿ ಬೈಯುವವರಿಗೆ ಇಷ್ಟು ಮಾತ್ರ ಹೇಳಬಲ್ಲೆ: ಅವರ ಮೇಲೆ ಯಾವ ಆರೋಪವೂ ಇಲ್ಲ.

ತೀರ್ಪನ್ನು ಓದುವಾಗ

ಕಣ್ಣಾರೆ ಕಂಡವರಿಲ್ಲದ ಕೊಲೆಯ ತೀರ್ಪನ್ನು ಓದುವಾಗ 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸೂತ್ರಗಳನ್ನು ಕೈಯಲ್ಲಿಟ್ಟುಕೊಳ್ಳಿ. ಸಾರವಿಷ್ಟು: ಪ್ರತಿಯೊಂದು ಸಂದರ್ಭವೂ ಪೂರ್ತಿಯಾಗಿ ಸಾಬೀತಾಗಿರಬೇಕು, ಅವೆಲ್ಲ ಸೇರಿ ಕೊಂಡಿ ಕಳಚದ ಸರಪಳಿಯಾಗಬೇಕು, ಮತ್ತು ಆ ಸರಪಳಿ ಆರೋಪಿ ಮಾಡಿದ ಎಂಬುದನ್ನು ಬಿಟ್ಟು ಬೇರೆ ಯಾವ ಸಾಧ್ಯತೆಗೂ ಎಡೆಗೊಡಬಾರದು.

ನೋಯ್ಡಾ ಪ್ರಕರಣದಲ್ಲಿ ಜನ ಮತ್ತೆ ಮತ್ತೆ ಹೇಳುತ್ತಿದ್ದ ತರ್ಕವೊಂದಿತ್ತು: ಮನೆಯೊಳಗೆ ನಾಲ್ವರಿದ್ದರು, ಇಬ್ಬರು ಸತ್ತರು, ಹಾಗಾದರೆ ಉಳಿದಿಬ್ಬರೇ ಕೊಂದಿರಬೇಕು. ಕೇಳಲು ಗಣಿತದಷ್ಟು ನಿಚ್ಚಳವಾಗಿದೆ. ಆದರೆ ನಾಲ್ವರೇ ಇದ್ದರೆಂಬುದು ಮೊದಲು ಸಾಬೀತಾಗಬೇಕಲ್ಲ? ಹೊರಗಿನವರು ಆ ರಾತ್ರಿ ಒಳಗೆ ಬಂದಿರುವ ಸಾಧ್ಯತೆಯನ್ನು ಪ್ರಾಸಿಕ್ಯೂಷನ್ ತಳ್ಳಿಹಾಕಿಲ್ಲ ಎಂದು ಹೈಕೋರ್ಟ್ ಕಂಡುಕೊಂಡಿತು. ಮನೆಯೊಳಗೆ ನಡೆದದ್ದನ್ನು ಮನೆಯವರೇ ವಿವರಿಸಬೇಕೆಂಬ ನಿಯಮ ಸಾಕ್ಷ್ಯ ಕಾನೂನಿನಲ್ಲಿದ್ದರೂ, ಪ್ರಾಸಿಕ್ಯೂಷನ್ ತನ್ನ ಹೊರೆಯನ್ನು ಮೊದಲು ಇಳಿಸಿದ ಮೇಲಷ್ಟೇ ಆ ಹೊಣೆ ಆರೋಪಿಯ ಹೆಗಲಿಗೆ ಬರುತ್ತದೆ.

ತೀರ್ಪಿನಲ್ಲಿ ಶಿಕ್ಷೆಯ ಪುಟವನ್ನಷ್ಟೇ ಓದಬೇಡಿ. ನ್ಯಾಯಾಲಯ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳು ಯಾವುವು, ಒಂದೊಂದಕ್ಕೂ ಯಾವ ಸಾಕ್ಷಿಯ ಯಾವ ಮಾತನ್ನು ಆಧಾರವಾಗಿ ಕೊಟ್ಟಿದೆ ಎಂದು ನೋಡಿ. ನೀವು ಆನ್‌ಲೈನ್‌ನಲ್ಲಿ ಕೇಳಿದ ದೊಡ್ಡ ಸಾಕ್ಷ್ಯ ಅಲ್ಲಿ ಇದೆಯೇ ಎಂದು ಹುಡುಕಿ. ಎಷ್ಟೋ ಸಲ ಅದರ ಪ್ರಸ್ತಾಪವೇ ಇರುವುದಿಲ್ಲ. ಸೆಷನ್ಸ್ ನ್ಯಾಯಾಲಯದ ತೀರ್ಪು ಕೊನೆಯದಲ್ಲವೆಂಬುದೂ ನೆನಪಿರಲಿ. ತಲ್ವಾರ್ ದಂಪತಿಯ ಖುಲಾಸೆಯ ವಿರುದ್ಧವೂ 2018ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಹೋಯಿತು.

ಖುಲಾಸೆಯಾದ ವ್ಯಕ್ತಿಯ ಬಗ್ಗೆ ನೀವು ಹಿಂದೆ ಬರೆದದ್ದು ಇನ್ನೂ ಉಳಿದಿದ್ದರೆ, ಅದರ ಮೊದಲ ಸಾಲಿಗೇ ತೀರ್ಪಿನ ದಿನಾಂಕವನ್ನೂ ನ್ಯಾಯಾಲಯದ ಹೆಸರನ್ನೂ ಸೇರಿಸಿ, ಹಂಚಿದ್ದ ಗುಂಪುಗಳಿಗೆ ಅದನ್ನು ಮತ್ತೊಮ್ಮೆ ಕಳಿಸಿ. ಸದ್ದಿಲ್ಲದೆ ಅಳಿಸಿಬಿಟ್ಟರೆ ಮೊದಲ ಬರಹವನ್ನು ಓದಿದವರಿಗೆ ತಿದ್ದುಪಡಿ ತಲುಪುವುದಿಲ್ಲ.